ಅಂಗಡಿಯ ಹೆಸರಿನಲ್ಲೊಂದು ಸಿನಿಮಾ

ನಮ್ಮ ಮನೆಯಲ್ಲಿ ಯಾವ ವಸ್ತುವೂ ಮನುಷ್ಯರ ಹೆಸರಿನಲ್ಲಿರಲಿಲ್ಲ. ಎಲ್ಲವೂ ಅಂಗಡಿಯ ಹೆಸರಿನಲ್ಲಿತ್ತು. ಅವ್ವನ ಹೊಲಿಗೆ ಯಂತ್ರದ ರಸೀದಿ, ಅಣ್ಣನ ಮೋಟರ್ ಸೈಕಲ್ಲು, ಗುಡಿಗೆ ಕೊಟ್ಟ ಗಡಿಯಾರ, ನಾನು ಸಿನಿಮಾ ಕಲಿಯಲು ಪುಣೆಗೆ ಹೋದಾಗ ತುಂಬಿದ ಶುಲ್ಕ, ಎಲ್ಲವೂ ಹಾಗೆಯೇ. ಆಳಂದದ ಪೇಟೆಯಲ್ಲಿ ಅಜ್ಜ ಇಟ್ಟ ಅಡತ್ ಅಂಗಡಿ ಅದು. ರೈತರು ತಂದ ತೊಗರಿ, ಜೋಳ, ಕುಸುಬಿಯನ್ನು ಖರೀದಿದಾರರಿಗೆ ಮಾರಿಸಿಕೊಟ್ಟು ನಡುವೆ ದಲಾಲಿ ಹಿಡಿಯುವುದು ಅದರ ವ್ಯವಹಾರ. ಅಪ್ಪ ತೀರಿದ ಮೇಲೆ ಅಣ್ಣ ಗಾದಿಗೆ ಕುಳಿತ. ಅಂಗಡಿಯ ಪರವಾಗಿ ಸಹಿ ಮಾಡುವವನು ಅವನೊಬ್ಬನೇ. ಅದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಎಲ್ಲಿಯೂ ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ನಮ್ಮ ಕಡೆಯ ವ್ಯಾಪಾರಸ್ಥ ಮನೆತನಗಳಲ್ಲಿ ಅಣ್ಣತಮ್ಮಂದಿರ ನಡುವೆ ಕಾಗದ ಆಗುವುದು ಆಸ್ತಿ ಪಾಲಾಗುವ ದಿನ ಮಾತ್ರ. ಅದಕ್ಕೆ ಮೊದಲೇ ಕಾಗದ ಕೇಳಿದವನನ್ನು ಮನೆ ಒಡೆಯಲು ನಿಂತವನೆಂದು ಎಣಿಸುತ್ತಾರೆ.

ಈ ಪದ್ಧತಿ ನನ್ನ ಸಿನಿಮಾವನ್ನು ನನ್ನಿಂದ ಹೇಗೆ ಕಸಿದುಕೊಂಡಿತು ಎಂಬುದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ಅಂದು ಯಾರು ಯಾವ ಮಾತನ್ನಾಡಿದರು, ಯಾರು ನಕ್ಕರು ಎಂಬುದನ್ನು ನಾನು ಮರೆತಿಲ್ಲ. ಮರೆಯಬೇಕೆಂದು ನನಗೆ ಹೇಳಿದವರನ್ನೂ ಮರೆತಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಪುಣೆಯಿಂದ ಮರಳಿ ಬಂದು, ಕೆಲಸವಿಲ್ಲದೆ ಅಂಗಡಿಯಲ್ಲಿ ಕೂರುತ್ತಿದ್ದೆ. ಸರ್ಕಾರದ ಇಲಾಖೆಯೊಂದು ಕಿರುಚಿತ್ರಗಳಿಗೆ ಅನುದಾನ ಕೊಡುತ್ತದೆಂದು ತಿಳಿದು ಅರ್ಜಿ ಹಾಕಿದೆ. ವಿಷಯ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಪೇಟೆಯಲ್ಲಿ ಆಗಲೂ ರುಮಾಲಿನ ಕೆಳಗಿನ ವ್ಯಾಪಾರ ನಡೆಯುತ್ತಿತ್ತು. ಅಡತ್ ಅಂಗಡಿಯವನೂ ಖರೀದಿದಾರನೂ ಒಂದು ರುಮಾಲಿನ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿ ದರ ಕುದುರಿಸುವರು. ಮಾಲು ತಂದ ರೈತ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಕಾಣುವುದು ಅಲುಗುವ ಬಟ್ಟೆ ಮಾತ್ರ. ಕೊನೆಗೆ ದಲ್ಲಾಳಿ ಬಾಯಿಬಿಟ್ಟು ಹೇಳಿದ್ದೇ ದರ. ಬೆರಳು ಹೇಳಿದ್ದಕ್ಕೂ ಬಾಯಿ ಹೇಳಿದ್ದಕ್ಕೂ ನಡುವೆ ಉಳಿದದ್ದು ಯಾರ ಗಂಟಿಗೆ ಹೋಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾನೂನು ಇದನ್ನು ನಿಷೇಧಿಸಿತ್ತು. ನನ್ನ ಅರ್ಜಿ ಮಂಜೂರಾಯಿತು.

ಇಲಾಖೆಯ ಷರತ್ತುಗಳು ಮೂರು. ಛಾಪಾಕಾಗದದ ಮೇಲೆ ಕರಾರು ಆಗಬೇಕು. ಆಸ್ತಿಯುಳ್ಳ ಒಬ್ಬರು ಜಾಮೀನು ನಿಲ್ಲಬೇಕು. ಚಿತ್ರದ ಪ್ರತಿಗಳನ್ನು ಇಲಾಖೆ ಕೊಳ್ಳುವುದರಿಂದ ನಿರ್ಮಾಪಕನಿಗೆ ಮಾರಾಟ ತೆರಿಗೆಯ ನೋಂದಣಿ ಸಂಖ್ಯೆ ಇರಬೇಕು. ನಾನು ನನ್ನ ಹೆಸರಿನಲ್ಲಿಯೇ ನೋಂದಣಿ ಮಾಡಿಸಲು ತೆರಿಗೆ ಕಚೇರಿಗೆ ಹೋದೆ. ಅಧಿಕಾರಿ ಅರ್ಜಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಟಾಕೀಸು ಯಾವ ಊರಾಗ ಅದರಿ?"

"ಟಾಕೀಸು ಇಲ್ರಿ. ನಾ ಸಿನಿಮಾ ತಗೀತೇನಿ."

"ಹಂಗಾರ ಕ್ಯಾಮೆರಾ ನಿಮ್ಮದೇನು?"

"ಬಾಡಿಗಿಗಿ ತರ್ತೇನ್ರಿ."

"ಆಫೀಸು?"

"ಮನ್ಯಾಗ."

"ಮನಿ ಯಾರ ಹೆಸರಿಲೆ ಅದ?"

"ಅಂಗಡಿ ಹೆಸರಿಲೆ."

"ಟಾಕೀಸಿಲ್ಲ, ಕ್ಯಾಮೆರಾ ಇಲ್ಲ, ಮನಿ ಇಲ್ಲ. ನಾವು ತೆರಿಗಿ ಯಾತಕ್ಕ ಹಾಕಬೇಕ್ರಿ, ಗಾಳಿಗೇನು?"

ಗುಮಾಸ್ತರು ನಕ್ಕರು. ಬಾಗಿಲ ಬಳಿ ಕುಳಿತಿದ್ದ ಜವಾನ ತಡವಾಗಿ ನಕ್ಕ, ಆದರೆ ಎಲ್ಲರಿಗಿಂತ ಜೋರಾಗಿ ನಕ್ಕ.

ಮನೆಗೆ ಬಂದು ಹೇಳಿದಾಗ ಅಣ್ಣ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಅಂಗಡಿಗೆ ನಂಬರ್ ಅದ, ಜಾಮೀನಿಗೆ ನಮ್ಮ ಮಾವ ನಿಲ್ತಾರ. ಒಂದು ಮನ್ಯಾಗ ಎರಡು ನಂಬರ್ ಯಾಕೋ ತಮ್ಮಾ? ತೊಗರಿ ಮಾರತೀವಿ, ಸಿನಿಮಾನೂ ಮಾರೋಣು." ಲೆಕ್ಕ ಬರೆಯುವ ಮುನೀಮ ನೋಂದಣಿಗೆ ತಿದ್ದುಪಡಿ ಬರೆದ. ಅಂಗಡಿ ವ್ಯವಹರಿಸುವ ಸರಕುಗಳ ಸಾಲಿನಲ್ಲಿ, ಕುಸುಬಿಯಾದ ಮೇಲೆ, 'ಚಲನಚಿತ್ರ' ಎಂದು ಸೇರಿತು. ಕಚೇರಿ ಅದನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡಿತು.

ಕರಾರಿನ ಕರಡು ಬಂದಾಗ ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಂಗಡಿ ನಿರ್ಮಾಪಕ ಸಂಸ್ಥೆ. ನಾನು ಅದು 'ನೇಮಿಸಿಕೊಂಡ ನಿರ್ದೇಶಕ'. ಚಿತ್ರ, ಅದರ ನೆಗೆಟಿವ್ ಹಾಗೂ ಸಕಲ ಹಕ್ಕುಗಳು ನಿರ್ಮಾಪಕ ಸಂಸ್ಥೆಗೆ ಸೇರತಕ್ಕವು. ಅಂತಿಮ ಪ್ರತಿಯನ್ನು ನಿರ್ಮಾಪಕರ ಸಹಿಯ ಮೇಲೆಯೇ ಮುದ್ರಿಸತಕ್ಕದ್ದು. ಓದಿ ತಿಳಿಯದವನು ಮೋಸಹೋದರೆ ಅದು ಬೇರೆ. ನನಗೆ ಆ ಒಕ್ಕಣೆಯ ಅರ್ಥ ಪೂರ್ತಿಯಾಗಿ ತಿಳಿದಿತ್ತು. ಆದ್ದರಿಂದಲೇ ಅಂಗಡಿಗೆ ಹೋಗಿ ಅಣ್ಣನನ್ನು ಕೇಳಿದೆ.

"ಅಣ್ಣಾ, ಇದು ಸರ್ಕಾರಕ್ಕಾತು. ನನ್ನ ನಿನ್ನ ನಡುವ ಒಂದು ಸಣ್ಣ ಕಾಗದ ಮಾಡೋಣು. ನಂಬರ್ ಅಂಗಡೀದು, ಸಿನಿಮಾ ನಂದು ಅಂತ."

ಮಾಲಿನ ದಿನ, ಅಂಗಡಿಯ ತುಂಬ ರೈತರು, ಹಮಾಲರು, ಒಬ್ಬ ದೊಡ್ಡ ಖರೀದಿದಾರ. ಅಣ್ಣ ಎಲ್ಲರಿಗೂ ಕೇಳುವಂತೆ ದನಿ ಎತ್ತಿದ. "ಕೇಳಿದ್ರೇನು? ನನ್ನ ತಮ್ಮ ನನಗ ಬಾಂಡ್ ಬರಿ ಅಂತಾನ! ಅವ್ವನ ಹಾಲು ಕುಡಿಯೂಮುಂದ ರಸೀದಿ ತಗೊಂಡಿದ್ದೇನೋ ತಮ್ಮಾ?"

"ಪುಣೆ ನೀರು ಕುಡದಾರ್ರಿ, ಲೆಕ್ಕ ಜಾಸ್ತಿ," ಎಂದ ಖರೀದಿದಾರ. ಚೀಲದ ಮೇಲೆ ಕುಳಿತ ಹಮಾಲರೂ ನಕ್ಕರು. ಅವರು ನಗದಿದ್ದರೆ ಮರುದಿನ ಅವರಿಗೆ ಕೂಲಿ ಸಿಗುತ್ತಿರಲಿಲ್ಲ, ಆದ್ದರಿಂದ ಅವರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಅವ್ವನಿಗೆ ಮುಟ್ಟಿತ್ತು. ಅವಳು ರೊಟ್ಟಿ ಬಡಿಸಿದಳು, ಮುಖ ನೋಡಲಿಲ್ಲ. "ನಾ ಇರೂತನಕ ಈ ಮನ್ಯಾಗ ಅಣ್ಣತಮ್ಮರ ಕಾಗದ ಆಗಬಾರದು," ಎಂದಷ್ಟೇ ಹೇಳಿದಳು. ಕಾಗದ ಆಗಲಿಲ್ಲ. ಕರಾರಿಗೆ ಅಣ್ಣ ನಿರ್ಮಾಪಕನೆಂದು ಸಹಿ ಮಾಡಿದ. ನಾನು ಅವನ ಸಹಿಯ ಕೆಳಗೆ, ಸಾಕ್ಷಿಯ ಜಾಗದಲ್ಲಿ ಮಾಡಿದೆ.

ಚಿತ್ರೀಕರಣ ಸುಗ್ಗಿಯಲ್ಲಿ ನಡೆಯಿತು. ಬೇರೆ ಅಂಗಡಿಯವರು ಕ್ಯಾಮೆರಾ ಕಂಡರೆ ರುಮಾಲು ಮಡಚಿಡುತ್ತಿದ್ದರು. ಅಣ್ಣ ಮಾತ್ರ ಮಡಚಲಿಲ್ಲ. ತನ್ನದೇ ಸರಕು, ತನಗೇನು ಭಯ ಎಂಬ ಗತ್ತು ಅವನದು. ಮಟಕಿ ಎಂಬ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ತೊಗರಿ ತಂದಿದ್ದಳು. ಗಂಡ ತೀರಿದ ಮೇಲೆ ತಾನೇ ಹೊಲ ಮಾಡುತ್ತಿದ್ದವಳು, ನಡುವಯಸ್ಸು ದಾಟಿದವಳು. ಅವಳ ರಾಶಿಯ ಮೇಲೆ ಅಣ್ಣನೂ ಖರೀದಿದಾರನೂ ರುಮಾಲಿನ ಕೆಳಗೆ ಕೈ ಇಟ್ಟರು. ಕ್ಯಾಮೆರಾ ಓಡುತ್ತಿತ್ತು. ಅವಳು ಸ್ವಲ್ಪ ಹೊತ್ತು ನೋಡಿ, ಮುಂದೆ ಬಂದು ರುಮಾಲಿನ ಅಂಚು ಹಿಡಿದಳು.

"ಇದನ್ನ ತಗೀರಿ ಸಾವಕಾರ್ರ. ತೊಗರಿ ನಂದು. ನೀವು ಏನ್ ಮಾಡ್ಕೋತೀರಿ ಅನ್ನೂದು ನನಗೂ ಕಾಣಲಿ."

"ಏ ಯವ್ವಾ, ಇದು ನಿನ್ನ ಅಡಗಿಮನಿ ಅಲ್ಲ, ಬಾಜೂ ಸರಿ," ಎಂದ ಅಣ್ಣ.

"ಅಡಗಿಮನ್ಯಾಗ ನಾ ಗಡಗಿ ಮುಚ್ಚಿ ಬಡಸಂಗಿಲ್ರಿ."

ಅಂಚು ಎಳೆದಳು. ರುಮಾಲು ಸರಿಯಿತು. ಖರೀದಿದಾರನ ಬೆರಳುಗಳನ್ನು ಹಿಡಿದ ಅಣ್ಣನ ಕೈ, ಕೈಯಲ್ಲಿ ಅಪ್ಪನ ಉಂಗುರ, ಬಿಸಿಲಿನಲ್ಲಿ ಸ್ಪಷ್ಟವಾಗಿ ಕಂಡಿತು. ಇಡೀ ಸಿನಿಮಾ ಆ ಒಂದು ತುಣುಕಿಗಾಗಿಯೇ ಹುಟ್ಟಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಇಲಾಖೆಯ ಗಾಡಿ ಚಿತ್ರ ತೋರಿಸಲು ಊರೂರಿಗೆ ಬರುತ್ತದೆ, ನಿಮ್ಮ ಊರಿಗೂ ಬರುತ್ತದೆ, ನಿಮ್ಮನ್ನು ನೀವೇ ನೋಡುವಿರಿ ಎಂದು ಅವಳಿಗೆ ಹೇಳಿದೆ. ಅಣ್ಣ ಸಂಜೆ, "ಭೇಷ್ ಬಂತೇನೋ?" ಎಂದು ಮಾತ್ರ ಕೇಳಿದ.

ಸಂಕಲನ ಮದರಾಸಿನಲ್ಲಿ ಮುಗಿಯಿತು. ನೆಗೆಟಿವ್ ಅಲ್ಲಿಯ ಲ್ಯಾಬಿನಲ್ಲಿ ಉಳಿಯಿತು. ಅನುದಾನದ ಕೊನೆಯ ಕಂತು ಬಿಡುಗಡೆಯಾಗಲು ಜಾಮೀನುದಾರರ ಸಹಿ ಮತ್ತೊಮ್ಮೆ ಬೇಕೆಂದು ಹೇಳಿ ಅಣ್ಣ ನನ್ನನ್ನು ಅಫಜಲಪುರಕ್ಕೆ ಕಳಿಸಿದ. ಜಾಮೀನು ನಿಂತವರು ಅವನ ಮಾವ, ಆ ಕಡೆಯ ದೊಡ್ಡ ಜಮೀನುದಾರರು. ಅವರು ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಇವತ್ತು ಅಮಾಸಿ, ನಾಳೆ ತಲೆನೋವು, ನಾಡಿದ್ದು ಕನ್ನಡಕ ಸಿಗುತ್ತಿಲ್ಲ ಎಂದು ಸಹಿಯನ್ನು ಮುಂದೂಡಿದರು. ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು: "ಇಂವ ನಮ್ಮ ಅಳಿಯನ ತಮ್ಮ. ತೊಗರಿ ಸಿನಿಮಾ ತಗದಾನಂತ. ಹೀರೋಯಿನ್ನೂ ತೊಗರಿನs ಏನೋ?" ನಾನು ಅಲ್ಲಿ ಅವರ ತಮಾಷೆ ಕೇಳುತ್ತ ಕುಳಿತಿದ್ದಾಗ ಅಣ್ಣ ವಕೀಲನನ್ನು ಕರೆದುಕೊಂಡು ಮದರಾಸಿಗೆ ಹೋಗಿದ್ದ. ಅಂತಿಮ ಪ್ರತಿ ಅವನ ಸಹಿಯ ಮೇಲೆ ಮುದ್ರಣವಾಯಿತು.

ಇದು ನನಗೆ ತಿಳಿದದ್ದು ಮಟಕಿಯಲ್ಲಿ, ಎಲ್ಲರ ಜೊತೆಗೆ. ಶಾಲೆಯ ಗೋಡೆಗೆ ಬಿಳಿಯ ಬಟ್ಟೆ ಕಟ್ಟಿದ್ದರು. ಆ ಹೆಣ್ಣುಮಗಳು ಹೊಸ ಇಲಕಲ್ಲ ಸೀರೆ ಉಟ್ಟು, ತವರಿನವರನ್ನೂ ಕರೆಸಿಕೊಂಡು, ಎಲ್ಲರಿಗಿಂತ ಮುಂದೆ ಕುಳಿತಿದ್ದಳು. ಚಿತ್ರ ಓಡಿತು. ಗಾಡಿಗಳು ಬಂದವು, ಚೀಲಗಳು ಇಳಿದವು, ತಕ್ಕಡಿ ತೂಗಿತು.

"ನೀ ಎಲ್ಲಿ ಬೇ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ತಡೀರಿ, ಬರ್ತದ," ಎಂದಳು ಅವಳು.

ರುಮಾಲು ಇರಬೇಕಾದ ಜಾಗದಲ್ಲಿ ಎತ್ತಿನ ಗಾಡಿಗಳ ಸಾಲು ಮತ್ತೊಮ್ಮೆ ಬಂತು. ಕೊನೆಯಲ್ಲಿ ನಮ್ಮ ಅಂಗಡಿಯ ಹೆಸರು ದೊಡ್ಡ ಅಕ್ಷರಗಳಲ್ಲಿ ಮೂಡಿತು. ದೀಪ ಹತ್ತಿದಾಗ ಅವಳು ಇನ್ನೂ ಬಟ್ಟೆಯನ್ನೇ ನೋಡುತ್ತಿದ್ದಳು. "ಯವ್ವನ ಪಾರ್ಟು ಮುಗೀತು, ಏಳ್ರಿ ಏಳ್ರಿ," ಎಂದು ಒಬ್ಬ ತರುಣ ಕೂಗಿದ್ದಕ್ಕೆ ಊರೇ ನಕ್ಕಿತು. ಅವಳು ಎದ್ದು ನನ್ನ ಬಳಿಗೆ ಬಂದಳು.

"ನನ್ನ ಯಾಕ ತಗದ್ರಿ? ನಾ ಏನರೆ ಸುಳ್ಳ ಹೇಳಿದ್ನೇನು?"

"ನಾ ತಗದಿಲ್ಲವ್ವಾ."

"ಸಿನಿಮಾ ನಿಮ್ಮದಲ್ಲೇನು ಮತ್ತ?"

ಇದಕ್ಕೆ ಕೊಡಬಹುದಾದ ನಿಜವಾದ ಉತ್ತರ ಛಾಪಾಕಾಗದದ ಮೇಲಿತ್ತು. ಅವಳು ತವರಿನವರನ್ನು ಕರೆದುಕೊಂಡು ಕತ್ತಲಲ್ಲಿ ನಡೆದುಹೋದಳು. ಮಟಕಿಯಲ್ಲಿ ಅವಳಿಗೆ 'ಸಿನಿಮಾದಾಕಿ' ಎಂಬ ಹೆಸರು ಬಿತ್ತೆಂದು ಆಮೇಲೆ ಕೇಳಿದೆ. ಬಾವಿಗೆ ನೀರಿಗೆ ಹೋದಾಗಲೂ ಮಕ್ಕಳು ಹಾಗೆಂದೇ ಕೂಗುತ್ತಿದ್ದರಂತೆ. ಅವಳು ಮುಂದೆ ನಮ್ಮ ಅಂಗಡಿಗೆ ಮಾಲು ತರಲಿಲ್ಲ.

ಮರುದಿನ ಅಣ್ಣನ ಎದುರು ನಿಂತೆ. ಅವನು ನನ್ನ ಮಾತನ್ನೆಲ್ಲ ಕೇಳಿದ, ಅಲ್ಲಗಳೆಯಲಿಲ್ಲ.

"ಮಾಲು ಅಂಗಡೀದು. ಕಸ ಇತ್ತು, ಹಸನ ಮಾಡಿದೆ."

"ಅದು ಕಸ ಅಲ್ಲ. ಸಿನಿಮಾ ಅಂದ್ರ ಅದs."

"ಆ ಬೆರಳು ತೋರಿಸಿದ್ರ ನನ್ನ ಲೈಸನ್ಸ್ ಹೋಗ್ತಿತ್ತು. ಪುಣೆಯೊಳಗ ಕುಂತು ಉಂಡಿ ಅಲ್ಲ, ಅದು ಈ ಬೆರಳ ಗಳಿಸಿದ್ದು ಲೇ. ಅವಾಗ ರುಮಾಲು ತಗಿ ಅಂತ ಯಾಕ ಅನ್ನಲಿಲ್ಲ?"

ಈ ಮಾತಿನಲ್ಲಿ ಸತ್ಯವಿತ್ತೆಂಬ ಕಾರಣಕ್ಕೆ ಅದನ್ನು ಕ್ಷಮಿಸಬೇಕೆಂದು ನನಗೆ ಎಂದೂ ಅನ್ನಿಸಿಲ್ಲ. ಇಲಾಖೆಗೆ ದೂರು ಬರೆದೆ. 'ತಾವು ಕರಾರಿನ ಪಕ್ಷಕಾರರಲ್ಲದ ಕಾರಣ ತಮ್ಮೊಂದಿಗೆ ಪತ್ರವ್ಯವಹಾರ ನಡೆಸಲು ಅವಕಾಶವಿಲ್ಲ' ಎಂಬ ಒಂದೇ ವಾಕ್ಯದ ಉತ್ತರ ಬಂತು. ನಾನು ಬಟ್ಟೆ ಕಟ್ಟಿಕೊಂಡು ಜೇವರ್ಗಿಗೆ ಹೋಗಿ, ಅಲ್ಲಿಯ ಪ್ರೌಢಶಾಲೆಯಲ್ಲಿ ಮಾಸ್ತರಿಕೆಗೆ ಸೇರಿದೆ. ಅವ್ವ ತೀರಿದಾಗ ಆಳಂದಕ್ಕೆ ಹೋದೆ. ಮಣ್ಣು ಮಾಡಿ, ಆ ಮನೆಯಲ್ಲಿ ನೀರೂ ಕುಡಿಯದೆ ಬಸ್ಸು ಹಿಡಿದೆ.

ಆದರೂ ಆ ಸಿನಿಮಾ ನನ್ನ ಹೆಸರಿಗೆ ಬರಬೇಕೆಂಬುದನ್ನು ನಾನು ಬಿಟ್ಟಿರಲಿಲ್ಲ. ಬಂದರೆ ಆ ತುಣುಕನ್ನು ಅದರ ಜಾಗಕ್ಕೆ ಸೇರಿಸಬಹುದು, ಮಟಕಿಯಲ್ಲಿ ಮತ್ತೊಮ್ಮೆ ಬಟ್ಟೆ ಕಟ್ಟಬಹುದು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಆಸೆ ಅದೊಂದೇ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆದಾಯ ತೆರಿಗೆ ಕಚೇರಿಗೆ ಬಿಗಿಯಾದ ಅಧಿಕಾರಿಯೊಬ್ಬ ಬಂದ. ಅಣ್ಣ ಪ್ರತಿ ವರ್ಷವೂ ಲಾರಿ ಬಾಡಿಗೆ, ಡೀಸೆಲ್ಲು, ಹಮಾಲಿ, ಮಗಳ ಮದುವೆಯ ಪೆಂಡಾಲು, ಎಲ್ಲವನ್ನೂ 'ಚಲನಚಿತ್ರದ ಖರ್ಚು' ಎಂದು ಬರೆಸಿ ಆದಾಯ ತಗ್ಗಿಸಿ ತೋರಿಸುತ್ತ ಬಂದಿದ್ದ. ಇಷ್ಟು ವರ್ಷ ಮುಗಿಯದ ಆ ಸಿನಿಮಾ ಯಾವುದು, ಎಲ್ಲಿದೆ, ತೋರಿಸಿರಿ ಎಂದು ಅಧಿಕಾರಿ ಕೇಳಿದ.

ಅಣ್ಣ ಜೇವರ್ಗಿಗೆ ಬಂದ. ಜೊತೆಗೆ ವಕೀಲ, ಮತ್ತು ಅಣ್ಣನ ಹೆಂಡತಿ ವೈನಿ. ವೈನಿ ಸೇಂಗಾ ಹೋಳಿಗೆಯ ಡಬ್ಬಿಯನ್ನು ನನ್ನ ಮುಂದಿಟ್ಟಳು. ವಕೀಲ ಬರೆದು ತಂದಿದ್ದ ಅಫಿಡವಿಟ್ಟನ್ನು ಅದರ ಪಕ್ಕದಲ್ಲಿಟ್ಟ.

"ಸಿನಿಮಾ ಮೊದಲಿನಿಂದ್ಲೂ ನಿಂದs ಅಂತ ಬರದದ," ಎಂದ ಅಣ್ಣ. "ಅಂಗಡಿ ಬರೇ ನಂಬರ್ ಕೊಟ್ಟಿತ್ತು ಅಂತ. ನೀ ಅವತ್ತ ಕೇಳಿದ್ದು ಇದs ಅಲ್ಲೇನು? ತಗೋ. ನೆಗೆಟಿವ್ ನಿಂದು, ಹಕ್ಕು ನಿಂದು. ಆ ಮಟಕಿ ಮುದುಕಿ ತುಣುಕು ಲ್ಯಾಬಿನ್ಯಾಗ ಹಂಗs ಅದ. ಹಚ್ಚಿಕೊಂಡು ಊರೆಲ್ಲ ತೋರಸು, ಈಗ ನನಗೇನ್ ಚಿಂತಿ ಇಲ್ಲ."

ನಾನು ಓದಿದೆ. ಸಿನಿಮಾ ನನ್ನದು ಎಂಬ ವಾಕ್ಯ ಮೊದಲಲ್ಲೇ ಇತ್ತು. ಅದರ ಕೆಳಗೆ, ಇಂದಿನವರೆಗೆ ಬರೆದ ಎಲ್ಲ ಖರ್ಚು ನಾನು ಮಾಡಿದ್ದು, ಆ ವ್ಯವಹಾರ ನಾನು ನಡೆಸಿದ್ದು, ಅದರ ತೆರಿಗೆಗೆ ನಾನೇ ಹೊಣೆ ಎಂದಿತ್ತು. ಮಾಸ್ತರನೊಬ್ಬ ಅನುಮತಿಯಿಲ್ಲದೆ ವರ್ಷಗಟ್ಟಲೆ ವ್ಯಾಪಾರ ಮಾಡಿದ್ದೇನೆಂದು ಸಹಿ ಹಾಕಿದರೆ ಅವನ ನೌಕರಿ ಏನಾಗುತ್ತದೆಂಬುದು ವಕೀಲನಿಗೆ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು, ಓದುವಾಗ ಅವನು ನನ್ನ ಕಣ್ಣು ಎಲ್ಲಿ ನಿಲ್ಲುತ್ತದೆಂದು ನೋಡುತ್ತಿದ್ದ.

"ನಮ್ಮನ್ನ ಉಳಸಪ್ಪಾ," ಎಂದಳು ವೈನಿ. "ಹಿರೇರು ಮಾಡಿದ ಅಂಗಡಿ."

"ಕಚೇರ್ಯಾಗ ಬಂದು ಹೇಳ್ತೇನಿ," ಎಂದೆ. ಅವರು ಅದನ್ನು ಒಪ್ಪಿಗೆಯೆಂದು ತಿಳಿದರು. ಹೋಗುವಾಗ ಅಣ್ಣ ನನ್ನ ಬೆನ್ನು ತಟ್ಟಿದ. ಹೋಳಿಗೆಯನ್ನು ಮನೆಯೊಡೆಯನ ಎಮ್ಮೆಗೆ ಹಾಕಿದೆ.

ವಿಚಾರಣೆಯ ದಿನ ಅಣ್ಣ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದಿದ್ದ. ಅಧಿಕಾರಿ ನನ್ನಿಂದ ಪ್ರಮಾಣ ಮಾಡಿಸಿ ಕೇಳಿದ: "ಹೇಳ್ರಿ ಮಾಸ್ತರ್ರ, ಈ ಚಿತ್ರ ಯಾರದು?"

ನಾನು ಕರಾರಿನ ನನ್ನ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಹಕ್ಕುಗಳ ಒಕ್ಕಣೆಯನ್ನು ಪುಟ ನೋಡದೆಯೇ ಒಪ್ಪಿಸಿದೆ. "ಅಂಗಡೀದ್ರಿ. ನೆಗೆಟಿವ್ ಅಂಗಡೀದು, ಹಕ್ಕು ಅಂಗಡೀದು. ನಾ ಕೂಲಿಗೆ ಇದ್ದವ. ಚಿತ್ರ ಮುಗಿದು ಪ್ರದರ್ಶನ ಆದ ಮ್ಯಾಲೆ ಅದಕ್ಕ ಯಾರೂ ಒಂದು ಪೈಸಾ ಖರ್ಚು ಮಾಡಿಲ್ಲ."

ಗುಮಾಸ್ತ ಅದನ್ನು ಬರೆದುಕೊಂಡ. ಅಣ್ಣ ಅಧಿಕಾರಿಯನ್ನು ಮರೆತು ನನ್ನ ಕಡೆ ತಿರುಗಿದ.

"ತಮ್ಮಾ, ಹಿಂಗ ಬರಸಿದ್ರ ಅದು ಇನ್ನ ಎಂದೂ ನಿಂದ ಆಗಂಗಿಲ್ಲ. ತಿಳೀತೇನು ನಿನಗ?"

"ತಿಳದದ," ಎಂದು ಸಹಿ ಮಾಡಿದೆ. ಪ್ರಮಾಣ ಮಾಡಿ ಹೇಳಿದ ಆ ಮಾತುಗಳಲ್ಲಿ ಒಂದೂ ಸುಳ್ಳಿರಲಿಲ್ಲ.

ತೆರಿಗೆ, ಬಡ್ಡಿ, ದಂಡ, ಎಲ್ಲವೂ ಒಟ್ಟಿಗೆ ಬಿದ್ದವು. ಅಜ್ಜನ ಅಂಗಡಿಯನ್ನು ಕೊಂಡವನು, ನನ್ನ ಲೆಕ್ಕ ಜಾಸ್ತಿ ಎಂದು ಅಂದು ನಕ್ಕಿದ್ದ ಅದೇ ಖರೀದಿದಾರ. ಅಣ್ಣ ಅವನ ಬಳಿಯೇ ದಿನಗೂಲಿಗೆ ತೂಕ ಬರೆಯುವ ಕೆಲಸಕ್ಕೆ ನಿಂತ. ಒಮ್ಮೆ ಬಸ್ಸಿನಿಂದ ನೋಡಿದೆ: ಬೇರೆಯವರ ತಕ್ಕಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಬೆರಳಲ್ಲಿ ಉಂಗುರ ಇರಲಿಲ್ಲ. ಇಳಿಯಬೇಕೆಂದು ಅನ್ನಿಸಲಿಲ್ಲ. ಸತ್ತರೂ ಬಾಗಿಲಿಗೆ ಬರಬಾರದೆಂದು ವೈನಿ ಹೇಳಿ ಕಳಿಸಿದ್ದಳು. ಅವನು ಸತ್ತಾಗ ನಾನು ಹೋಗಲೂ ಇಲ್ಲ.

ಮದರಾಸಿನ ಲ್ಯಾಬಿನಿಂದ ನೋಟೀಸು ಬಂದದ್ದು ಅದಾದ ಮೇಲೆ. ವಿಳಾಸ ಅಂಗಡಿಯದು. ಆಳಂದದ ಅಂಚೆಯವನು ಹಳೆಯ ಪರಿಚಯದಿಂದ ಅದರ ಮೇಲೆ ನನ್ನ ವಿಳಾಸ ಬರೆದು ಜೇವರ್ಗಿಗೆ ಕಳಿಸಿದ್ದ. ನೆಗೆಟಿವ್ ಹಾಗೂ ಉಳಿದ ತುಣುಕುಗಳ ದಾಸ್ತಾನು ಬಾಡಿಗೆ ಬಾಕಿಯಿದೆ. ಮಾಲೀಕರು ಬಂದು ಬಿಡಿಸಿಕೊಳ್ಳದಿದ್ದರೆ ನಾಶಪಡಿಸಲಾಗುವುದು. ಬಾಡಿಗೆ ಹೆಚ್ಚೇನೂ ಇರಲಿಲ್ಲ, ನನ್ನ ಸಂಬಳದಲ್ಲಿ ಕೊಡಬಹುದಾಗಿತ್ತು. ಲಕೋಟೆಯನ್ನು ಮೊದಲಿನಂತೆ ಅಂಟಿಸಿದೆ. ಮಾಲೀಕರು ಈ ವಿಳಾಸದಲ್ಲಿಲ್ಲ ಎಂದು ಅದರ ಮೇಲೆ ಬರೆದು, ಶಾಲೆಗೆ ಹೋಗುವ ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕಿದೆ.